ಯಾವ ವಾಟರ್ ಫಿಲ್ಟರ್ ತಗೊಳ್ಳೋದು? ಮೊದಲು ನೀರಿನ ರಿಪೋರ್ಟ್ ತನ್ನಿ

ಹೋದ ಸಲ ಹೆಲ್ತ್ ಇನ್ಶೂರೆನ್ಸ್ ಬಗ್ಗೆ ಮಾತಾಡಿದ್ವಿ. ಆಮೇಲೆ ಬಂದ ಮೆಸೇಜ್‌ಗಳನ್ನ ಓದ್ತಾ ಕೂತರೆ, ಇನ್ಶೂರೆನ್ಸ್‌ಗಿಂತ ಜಾಸ್ತಿ ಇನ್ನೊಂದು ಪ್ರಶ್ನೆ ಬಂದಿದೆ. "ಮನೆಗೆ ಯಾವ ವಾಟರ್ ಫಿಲ್ಟರ್ ತಗೊಳ್ಳಲಿ?" ಕೆಲವರು ಎರಡು ಮಾಡೆಲ್‌ನ ಫೋಟೋ ಹಾಕಿ "ಇದಾ, ಅದಾ, ಬೇಗ ಹೇಳಿ, ಆಫರ್ ಭಾನುವಾರಕ್ಕೆ ಮುಗಿಯುತ್ತೆ" ಅಂತಾನೂ ಬರೆದಿದ್ದಾರೆ.

ಫೋಟೋ ನೋಡಿ ನಾನು ಹೇಳಕ್ಕಾಗಲ್ಲ. ನನಗೆ ಬೇಕಾಗಿರೋದು ನಿಮ್ಮ ಮನೆ ನೀರಿನ ಫೋಟೋ, ಅಂದ್ರೆ ಲ್ಯಾಬ್ ರಿಪೋರ್ಟು. ಯಾಕೆ ಅಂತ ಇವತ್ತಿನ ಸಂಚಿಕೆಯಲ್ಲಿ ಹೇಳ್ತೀನಿ.

ನಾನು ಓದಿರೋದು ಬಿ.ಕಾಂ. ಲೆಕ್ಕ ಹಾಕೋದು ನನ್ನ ಕೆಲಸ, ಕೆಮಿಸ್ಟ್ರಿ ಪಿಯುಸಿಯಲ್ಲೂ ತಗೊಂಡಿರಲಿಲ್ಲ. ಆದರೆ ಕಳೆದ ಎರಡು ತಿಂಗಳಲ್ಲಿ ಎರಡು ಮನೆಗೆ ಫಿಲ್ಟರ್ ಆರಿಸೋ ಜವಾಬ್ದಾರಿ ನನ್ನ ಮೇಲೆ ಬಿತ್ತು. ಒಂದು, ಬೆಂಗಳೂರಿನಲ್ಲಿ ನಾವು ಬಾಡಿಗೆಗಿರೋ ಮನೆ. ಅಪ್ಪ, ಅಮ್ಮ, ತಮ್ಮ, ನಾನು. ಕಾವೇರಿ ನೀರು ಬರುತ್ತೆ. ಇನ್ನೊಂದು ಚಿಕ್ಕಮ್ಮನ ಮನೆ, ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಇರೋದು ಬೋರ್‌ವೆಲ್ ನೀರು. ಎರಡೂ ಮನೆಗೆ ಹೆಚ್ಚುಕಮ್ಮಿ ನೂರು ಕಿಲೋಮೀಟರ್ ದೂರ. ಒಂದು ಮನೆಗೆ ಸರಿಯಾದ ಮಷೀನನ್ನ ಇನ್ನೊಂದು ಮನೆಗೆ ತಂದು ಹಾಕಿದ್ರೆ ಒಂದು ಕಡೆ ದುಡ್ಡು ದಂಡ. ಇನ್ನೊಂದು ಕಡೆ ಮಕ್ಕಳ ಹಲ್ಲು, ಮೂಳೆ ಹಾಳು.

ಮೊದಲು ಬೆಂಗಳೂರಿನ ಮನೆ. ಒಂದು ಶನಿವಾರ ಸೇಲ್ಸ್‌ನವರು ಬಂದ್ರು. ಕಂಪನಿ ಹೆಸರು ಬೇಡ, ಎಲ್ಲ ಕಂಪನಿಯವರೂ ಇದನ್ನೇ ಮಾಡ್ತಾರೆ. ಎರಡು ಗ್ಲಾಸ್ ಇಟ್ಟರು. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರೇ ಬಾಟಲಿಯಲ್ಲಿ ತಂದಿದ್ದ ಆರ್‌ಒ ನೀರು. ಒಂದು ಪ್ಲಗ್ ಇರೋ ಸಾಧನ ತೆಗೆದು, ಅದರ ಲೋಹದ ಕಡ್ಡಿಗಳನ್ನ ಎರಡೂ ಗ್ಲಾಸಿಗೆ ಇಳಿಬಿಟ್ಟು ಸ್ವಿಚ್ ಹಾಕಿದ್ರು. ಅರ್ಧ ನಿಮಿಷದಲ್ಲಿ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕಪ್ಪು-ಹಸಿರು ಗಸಿ ತೇಲೋಕೆ ಶುರುವಾಯ್ತು. ಅವರ ನೀರು ಹಾಗೇ ಇತ್ತು. "ನೋಡಿ ಅಮ್ಮಾ, ಇಷ್ಟು ದಿನ ನೀವು ಕುಡೀತಿದ್ದಿದ್ದು ಇದು" ಅಂದ್ರು. ಅಮ್ಮನ ಮುಖ ನೋಡಬೇಕಿತ್ತು ನೀವು.

ಈ ಆಟದ ಗುಟ್ಟು ಇಷ್ಟೇ. ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ನೀರಲ್ಲಿ ಉಪ್ಪಿನಂಶ, ಅಂದ್ರೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಇಂಥ ಲವಣ ಇದ್ರೆ ಕರೆಂಟ್ ಹರಿಯುತ್ತೆ. ಕರೆಂಟ್ ಹರಿದ್ರೆ ಕಡ್ಡಿಯ ಕಬ್ಬಿಣ ಕರಗಿ ತುಕ್ಕಿನ ಹಾಗೆ ನೀರಲ್ಲಿ ಬಿಡುತ್ತೆ. ನಾವು ನೋಡಿದ ಆ ಗಸಿ ಕಡ್ಡಿಯಿಂದ ಬಂದಿದ್ದು, ನೀರಿನಿಂದ ಅಲ್ಲ. ಆರ್‌ಒ ನೀರಲ್ಲಿ ಲವಣ ಇಲ್ಲದೇ ಇರೋದ್ರಿಂದ ಕರೆಂಟ್ ಹರಿಯಲ್ಲ, ಬಣ್ಣಾನೂ ಬರಲ್ಲ. ನಾನು ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವರ ಗ್ಲಾಸಿಗೆ ಹಾಕಿ "ಈಗ ಸ್ವಿಚ್ ಹಾಕಿ ಸರ್" ಅಂದೆ. ಅದೂ ಕಂದು ಆಯ್ತು. ಅವರು ನಕ್ಕು "ಮೇಡಂ, ನಮಗೂ ಟಾರ್ಗೆಟ್ ಇರುತ್ತೆ" ಅಂದ್ರು. ಪಾಪ, ಅವರಿಗೆ ಕಾಫಿ ಕೊಟ್ಟೇ ಕಳಿಸಿದ್ವಿ. ನಿಮ್ಮ ಮನೆಗೂ ಯಾರಾದ್ರೂ ಈ ಡೆಮೊ ಮಾಡೋಕೆ ಬಂದ್ರೆ ಉಪ್ಪಿನ ಡಬ್ಬಿ ಹತ್ತಿರ ಇಟ್ಟುಕೊಳ್ಳಿ.

ಎರಡನೇ ಆಯುಧ ಟಿಡಿಎಸ್ ಮೀಟರ್. ಪೆನ್ನಿನ ಥರ ಇರುತ್ತಲ್ಲ, ನೀರಲ್ಲಿ ಅದ್ದಿದ್ರೆ ನಂಬರ್ ತೋರಿಸುತ್ತೆ. ಟಿಡಿಎಸ್ ಅಂದ್ರೆ ಒಂದು ಲೀಟರ್ ನೀರಲ್ಲಿ ಒಟ್ಟು ಎಷ್ಟು ಮಿಲಿಗ್ರಾಂ ಪದಾರ್ಥ ಕರಗಿದೆ ಅನ್ನೋ ಲೆಕ್ಕ. ಪೆನ್ ಮೀಟರ್ ಅದನ್ನ ನೇರವಾಗಿ ಅಳೆಯೋದೂ ಇಲ್ಲ. ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ ಅಂದಾಜು ಮಾಡುತ್ತೆ. ನಮ್ಮ ಮನೆ ನಲ್ಲಿಯಲ್ಲಿ 190 ತೋರಿಸ್ತು. ಭಾರತೀಯ ಮಾನಕ ಬ್ಯೂರೋದ ಕುಡಿಯೋ ನೀರಿನ ಮಾನದಂಡ, ಐಎಸ್ 10500, ಅದರ ಪ್ರಕಾರ 500ರ ತನಕ ಟಿಡಿಎಸ್ ಒಪ್ಪಬಹುದು. ಬೇರೆ ನೀರಿನ ಮೂಲವೇ ಇಲ್ಲ ಅಂದ್ರೆ 2000ದ ತನಕ ಬಿಡ್ತಾರೆ. "190 ಇದ್ರೆ 50ಕ್ಕೆ ಇಳಿಸಬೇಕು ಮೇಡಂ" ಅಂತ ಅವರು ಹೇಳಿದ್ದಕ್ಕೆ ಈ ಮಾನದಂಡದಲ್ಲಿ ಎಲ್ಲೂ ಆಧಾರ ಇಲ್ಲ.

ಟಿಡಿಎಸ್ ಅನ್ನೋದು ಅಂಗಡಿಯ ಒಟ್ಟು ವಹಿವಾಟಿನ ಹಾಗೆ. ವಹಿವಾಟು ಒಂದು ಕೋಟಿ ಅಂದ ಮಾತ್ರಕ್ಕೆ ಲಾಭವೋ ನಷ್ಟವೋ ಗೊತ್ತಾಗಲ್ಲ, ಒಳಗಿನ ಲೆಕ್ಕ ಬಿಡಿಸಿ ನೋಡಬೇಕು. 600 ಟಿಡಿಎಸ್ ಇರೋ ನೀರಲ್ಲಿ ಬರೀ ಕ್ಯಾಲ್ಸಿಯಂ, ಬೈಕಾರ್ಬನೇಟ್ ಇದ್ರೆ ರುಚಿ ಸ್ವಲ್ಪ ಗಡಸು, ಅಷ್ಟೇ. ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂನಿಂದ 3 ಮಿಲಿಗ್ರಾಂಗೆ ಏರಿದ್ರೂ ಮೀಟರಿನ ನಂಬರ್ ಗೊತ್ತಾಗೋ ಹಾಗೆ ಅಲುಗಾಡಲ್ಲ. ಇನ್ನು ರೋಗಾಣುಗಳು? ಮೀಟರಿಗೆ ಅವು ಕಾಣೋದೇ ಇಲ್ಲ. ಒಳಚರಂಡಿ ನೀರು ಸ್ವಲ್ಪ ಬೆರೆತ ಕುಡಿಯೋ ನೀರು 200 ಅಂತಲೇ ತೋರಿಸಬಹುದು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ಎಷ್ಟೋ ಜನ ಆಸ್ಪತ್ರೆ ಸೇರಿದರು, ನೆನಪಿದೆಯಾ? ಅಂಥ ಅಪಾಯದ ಬಗ್ಗೆ ಟಿಡಿಎಸ್ ಮೀಟರ್ ಒಂದಕ್ಷರಾನೂ ಹೇಳಲ್ಲ.

ಹಾಗಾದ್ರೆ ನಮ್ಮ ಮನೆ ನೀರಿಗೆ ಇರೋ ಅಪಾಯ ಯಾವುದು? ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧ ಆಗಿ, ಕ್ಲೋರಿನ್ ಹಾಕಿಸಿಕೊಂಡೇ ಹೊರಡುತ್ತೆ. ತೊಂದರೆ ಇರೋದು ಅದು ನಮ್ಮ ಗೇಟ್ ತನಕ ಬರೋ ದಾರಿಯಲ್ಲಿ, ಅದಕ್ಕಿಂತ ಹೆಚ್ಚು ಗೇಟ್ ಒಳಗೆ ಬಂದ ಮೇಲೆ. ಹಳೇ ಪೈಪಿನ ಪಕ್ಕದಲ್ಲೇ ಚರಂಡಿ ಪೈಪು ಹೋಗಿರುತ್ತೆ. ನೀರು ಬಿಡದ ದಿನ ಪೈಪ್ ಖಾಲಿ ಇರುವಾಗ ಬಿರುಕಿನಿಂದ ಹೊರಗಿನ ಕೊಳಕು ಒಳಗೆ ಹೋಗಬಹುದು. ಆಮೇಲೆ ಸಂಪು. ನಮ್ಮ ಬಿಲ್ಡಿಂಗಿನ ಸಂಪು ಕೊನೆಗೆ ತೊಳೆದಿದ್ದು ಯಾವಾಗ ಅಂತ ಓನರ್ ಆಂಟಿಗೆ ಕೇಳಿದೆ. "ಹೋದ ಯುಗಾದಿಗೆ ಅಂದ್ಕೋತೀನಿ" ಅಂದ್ರು. ಯಾವ ಯುಗಾದಿ ಅಂತ ನಾನು ಮುಂದೆ ಕೇಳಲಿಲ್ಲ.

ಅಂದ್ರೆ ನಮ್ಮ ಮನೆಯ ಶತ್ರು ರೋಗಾಣು, ಮಣ್ಣು, ಸ್ವಲ್ಪ ಕ್ಲೋರಿನ್ ವಾಸನೆ. ಲವಣ ನಮ್ಮ ಶತ್ರು ಅಲ್ಲ. ಇಲ್ಲಿ ಮೂರು ತಂತ್ರಜ್ಞಾನದ ಬಗ್ಗೆ ಬೇಗ ಹೇಳಿಬಿಡ್ತೀನಿ. ಯುವಿ ಅಂದ್ರೆ ನೇರಳಾತೀತ ಬೆಳಕು. ಅದು ರೋಗಾಣುಗಳ ಸಂತಾನಶಕ್ತಿಯನ್ನ ಮುರಿಯುತ್ತೆ, ಆದರೆ ನೀರಿನಿಂದ ಏನನ್ನೂ ಹೊರಗೆ ತೆಗೆಯಲ್ಲ. ನೀರು ತಿಳಿಯಾಗಿರಬೇಕು, ಕದಡಿದ್ರೆ ಬೆಳಕು ಒಳಗೆ ಹೋಗಲ್ಲ. ಕರೆಂಟ್ ಬೇಕು. ಯುಎಫ್ ಅಂದ್ರೆ ತುಂಬಾ ಸಣ್ಣ ರಂಧ್ರಗಳ ಜರಡಿ. ಬ್ಯಾಕ್ಟೀರಿಯಾ, ಮಣ್ಣಿನ ಕಣ ಅಲ್ಲೇ ನಿಲ್ಲುತ್ತೆ, ಕರಗಿದ ಲವಣ ಹಾಯ್ದು ಹೋಗುತ್ತೆ. ಕೆಲವು ಮಾಡೆಲ್‌ಗೆ ಕರೆಂಟ್ ಕೂಡ ಬೇಡ. ಆರ್‌ಒ ಇವೆಲ್ಲಕ್ಕಿಂತ ಬಿಗಿಯಾದ ಪೊರೆ. ಪಂಪಿನ ಒತ್ತಡದಲ್ಲಿ ನೀರನ್ನ ಅದರ ಮೂಲಕ ತಳ್ಳಿದಾಗ ಕರಗಿದ ಲವಣ, ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಬಹುಪಾಲು ಹಿಂದೆ ಉಳಿಯುತ್ತೆ. ಹಿಂದೆ ಉಳಿದದ್ದನ್ನ ತೊಳೆದು ಸಾಗಿಸೋಕೆ ಒಂದಷ್ಟು ನೀರು ಚೆಲ್ಲಲೇಬೇಕು. ಕಾರ್ಬನ್ ಫಿಲ್ಟರ್ ಈ ಎಲ್ಲ ಮಷೀನಲ್ಲೂ ಇರುತ್ತೆ, ಕ್ಲೋರಿನ್ನು, ವಾಸನೆ ಹೀರೋದು ಅದರ ಕೆಲಸ.

ನಮ್ಮ ಮನೆಗೆ ಯುವಿ ಮತ್ತು ಯುಎಫ್ ಎರಡೂ ಇರೋ ಮಷೀನ್ ಸಾಕು ಅಂತ ತೀರ್ಮಾನ ಮಾಡಿದೆ. ಅಮ್ಮ ಒಪ್ಪಲಿಲ್ಲ. "ಮೇಲಿನ ಮನೆಯವರು ಆರ್‌ಒ ಹಾಕ್ಸಿದಾರೆ, ನಾವು ಕಮ್ಮಿದು ಹಾಕ್ಸೋದಾ?" ನೋಡಿ, ಆರ್‌ಒ ದೊಡ್ಡದು, ಯುವಿ ಚಿಕ್ಕದು ಅನ್ನೋ ಭಾವನೆ ನಮ್ಮಲ್ಲಿ ಹೇಗೋ ಬಂದುಬಿಟ್ಟಿದೆ. ಕೊನೆಗೆ ಅಮ್ಮನ ಜೊತೆ ಕೂತು ಲೆಕ್ಕ ಹಾಕಿದೆ. ನನಗೆ ಬಂದ ಕೊಟೇಶನ್‌ಗಳನ್ನೇ ಹೇಳ್ತೀನಿ, ನಿಮ್ಮ ಏರಿಯಾದಲ್ಲಿ ಹೆಚ್ಚುಕಮ್ಮಿ ಇರಬಹುದು.

ನಾಲ್ಕು ಜನರ ಮನೆ, ಕುಡಿಯೋಕೆ ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಅಂತ ಇಟ್ಟುಕೊಳ್ಳಿ. ಐದು ವರ್ಷಕ್ಕೆ 36,500 ಲೀಟರ್. ಆರ್‌ಒ ಮಷೀನ್ 16,500 ರೂಪಾಯಿ. ಮೊದಲ ವರ್ಷ ಸರ್ವಿಸ್ ಫ್ರೀ, ಆಮೇಲೆ ವರ್ಷಕ್ಕೆ 4,800ರ ಎಎಂಸಿ, ನಾಲ್ಕು ವರ್ಷಕ್ಕೆ 19,200. ಮೆಂಬ್ರೇನ್ ಎಎಂಸಿಯಲ್ಲಿ ಸೇರಿಲ್ಲ, ಒಂದು ಸಲ ಬದಲಾಯಿಸಿದ್ರೆ 3,200. ಒಟ್ಟು 38,900. ಲೀಟರಿಗೆ ಒಂದು ರೂಪಾಯಿ ಏಳು ಪೈಸೆ ಬೀಳುತ್ತೆ. ಯುವಿ-ಯುಎಫ್ ಮಷೀನ್ 9,500. ಸರ್ವಿಸ್, ಲ್ಯಾಂಪ್ ಎಲ್ಲ ಸೇರಿ ವರ್ಷಕ್ಕೆ 2,200, ನಾಲ್ಕು ವರ್ಷಕ್ಕೆ 8,800. ಒಟ್ಟು 18,300, ಲೀಟರಿಗೆ ಐವತ್ತು ಪೈಸೆ. ವ್ಯತ್ಯಾಸ 20,600 ರೂಪಾಯಿ. ನಮ್ಮ ಬೀದಿಯಲ್ಲಿ 20 ಲೀಟರ್ ಕ್ಯಾನ್‌ಗೆ 40 ರೂಪಾಯಿ. ಐದು ವರ್ಷ ಕ್ಯಾನ್ ನೀರೇ ತರಿಸಿದ್ರೆ 73,000 ಆಗುತ್ತೆ, ಆ ಕ್ಯಾನ್ ಯಾರು ಎಲ್ಲಿ ತುಂಬಿಸ್ತಾರೆ ಅನ್ನೋ ಚಿಂತೆ ಬೇರೆ.

ಮಷೀನಿನ ರೇಟ್ ನೋಡಿ ಹೋಲಿಸಬೇಡಿ, ಐದು ವರ್ಷದ ಲೆಕ್ಕ ನೋಡಿ ಅಂತ ನಾನು ಪದೇಪದೇ ಹೇಳೋದು ಇದಕ್ಕೇ. ಈ ವ್ಯಾಪಾರದಲ್ಲಿ ದುಡ್ಡು ಇರೋದು ಎಎಂಸಿಯಲ್ಲಿ. ಸಹಿ ಹಾಕೋ ಮುಂಚೆ ಎಎಂಸಿಯಲ್ಲಿ ಯಾವ್ಯಾವ ಪಾರ್ಟ್ ಸೇರಿದೆ, ಯಾವುದು ಸೇರಿಲ್ಲ, ಎರಡನೇ ವರ್ಷ ರೇಟ್ ಎಷ್ಟು ಅಂತ ಬರಹದಲ್ಲಿ ಕೊಡಿ ಅನ್ನಿ. "ಎಲ್ಲಾ ಕವರ್ ಆಗುತ್ತೆ ಮೇಡಂ" ಅನ್ನೋದು ಬಾಯಿಮಾತು. ಫಿಲ್ಟರ್ ಬದಲಾಯಿಸಿದಾಗ ಹಳೇದನ್ನ ಕೈಗೆ ತಗೊಂಡು ನೋಡಿ, ಹೊಸದರ ಮೇಲೆ ಪೆನ್ನಲ್ಲಿ ತಾರೀಕು ಬರೆಯಿರಿ. ಬದಲಾಯಿಸದೇ ಬಿಲ್ ಮಾಡೋರೂ ಇದ್ದಾರೆ.

ಇನ್ನು ಚೆಲ್ಲಿ ಹೋಗೋ ನೀರು. ಮನೆ ಆರ್‌ಒಗೆ ಇರೋ ಭಾರತೀಯ ಮಾನದಂಡ, ಐಎಸ್ 16240, ಅದು 2015ರಲ್ಲಿ ಬಂದಾಗ ಕೇಳಿದ ಕನಿಷ್ಠ ಪ್ರಮಾಣ 20 ಪರ್ಸೆಂಟ್. ಅಂದ್ರೆ ನೂರು ಲೀಟರ್ ಒಳಗೆ ಹೋದ್ರೆ ಇಪ್ಪತ್ತು ಲೀಟರ್ ಒಳ್ಳೆ ನೀರು ಬಂದ್ರೆ ಸಾಕಿತ್ತು. 25 ಪರ್ಸೆಂಟ್ ಅಂತಲೇ ಲೆಕ್ಕ ಇಡೋಣ. ದಿನಕ್ಕೆ 20 ಲೀಟರ್ ಕುಡಿಯೋ ನೀರಿಗೆ 60 ಲೀಟರ್ ಆ ಸಣ್ಣ ಪೈಪಿನಲ್ಲಿ ಸಿಂಕಿಗೆ ಹೋಗುತ್ತೆ. ವರ್ಷಕ್ಕೆ 21,900 ಲೀಟರ್, 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಟ್ಯಾಂಕರ್. ಅದೂ ಎಂಥ ನೀರು? ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ. 2024ರ ಮಾರ್ಚ್‌ನಲ್ಲಿ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತಲ್ಲ, ಆ ಬೇಸಿಗೆಯಲ್ಲೂ ಎಷ್ಟೋ ಅಡುಗೆಮನೆಗಳಲ್ಲಿ ಈ ಪೈಪು ಹರೀತಾನೇ ಇತ್ತು. 2019ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಟಿಡಿಎಸ್ 500ಕ್ಕಿಂತ ಕಮ್ಮಿ ಇರೋ ಕಡೆ ಆರ್‌ಒ ನಿಷೇಧಿಸಿ ಅಂತ ಸರ್ಕಾರಕ್ಕೆ ಹೇಳಿತ್ತು. ನಮ್ಮ ಮನೆಗೆ ಬಂದ ಸೇಲ್ಸ್‌ನವರ ಬಾಯಲ್ಲಂತೂ ಆ ಮಾತು ಬರಲಿಲ್ಲ.

ಇಷ್ಟು ಕೇಳಿ "ಸರಿ, ಆರ್‌ಒ ಕೆಟ್ಟದ್ದು, ತಗೋಬಾರದು" ಅಂತ ನೀವು ಎದ್ದುಬಿಟ್ಟರೆ ನನ್ನ ಚಿಕ್ಕಮ್ಮನ ಮನೆಯ ಕಥೆ ತಪ್ಪಿಹೋಗುತ್ತೆ. ಇವತ್ತು ನಾನು ಮಾತಾಡಬೇಕು ಅಂತ ಕೂತಿದ್ದೇ ಅದಕ್ಕೆ.

ಚಿಕ್ಕಮ್ಮ ಫೋನ್ ಮಾಡಿದ್ದು ಒಂದು ವಿಡಿಯೋ ನೋಡಿ. ಆರ್‌ಒ ನೀರು ಕುಡಿದ್ರೆ ಮೂಳೆ ಸವೆಯುತ್ತೆ, ಯುವಿ ಹಾಕ್ಸಿ ಅಂತ ಅದರಲ್ಲಿ ಯಾರೋ ಹೇಳಿದ್ದಾರೆ. "ಏನಮ್ಮಾ, ಯುವಿದೇ ತರ್ಸೋಣ ಅಂತಿದಾರೆ ನಿಮ್ ಚಿಕ್ಕಪ್ಪ, ನೀನೊಂದ್ ಮಾತು ಹೇಳು" ಅಂದ್ರು. ಆ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು, ಒಂದಕ್ಕೆ ನಾಲ್ಕು ವರ್ಷ, ಇನ್ನೊಂದಕ್ಕೆ ಏಳು. ಚಿಕ್ಕಪ್ಪನ ವಯಸ್ಸಿನವರ ಹಲ್ಲಿನ ಮೇಲೆ ಕಂದು ಗೆರೆಗಳಿರೋದನ್ನ ನಾನು ಚಿಕ್ಕಂದಿನಿಂದ ನೋಡಿದ್ದೀನಿ. ಬೀಡಿ, ಎಲೆಅಡಿಕೆ ಅಂತ ಎಲ್ಲರೂ ಹೇಳ್ತಿದ್ರು. ಚಿಕ್ಕಪ್ಪ ಎರಡನ್ನೂ ಮುಟ್ಟಿದವರಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇರೋದು ಇವತ್ತಿನ ಸುದ್ದಿ ಅಲ್ಲ. ಗ್ರಾನೈಟ್ ಬಂಡೆಯೊಳಗಿನ ಖನಿಜದಿಂದ ಅದು ನಿಧಾನಕ್ಕೆ ನೀರಿಗೆ ಇಳಿಯುತ್ತೆ. ಕೆರೆ ಬತ್ತಿ, ಬಾವಿ ಬತ್ತಿ, ಸಾವಿರ ಅಡಿ ಬೋರ್ ಕೊರೆದ ಮೇಲೆ ನಾವು ಕುಡೀತಿರೋದು ಬಂಡೆಯ ನಡುವೆ ಬಹಳ ಕಾಲ ನಿಂತ ನೀರು. ಮಾನದಂಡ ಹೇಳೋದು ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ರೆ 1.5. ಅದಕ್ಕಿಂತ ಹೆಚ್ಚಿನದನ್ನ ಮಕ್ಕಳು ಕುಡೀತಾ ಬೆಳೆದ್ರೆ ಒಸಡಿನೊಳಗೆ ರೂಪುಗೊಳ್ತಿರೋ ಕಾಯಂ ಹಲ್ಲಿನ ಮೇಲೆ ಮೊದಲು ಬಿಳಿ ಮಚ್ಚೆ, ಆಮೇಲೆ ಕಂದು ಕಲೆ. ಎಂಟು ವರ್ಷದ ತನಕ ಈ ಅಪಾಯ ಹೆಚ್ಚು, ಬಂದ ಮೇಲೆ ಹೋಗಲ್ಲ. ಪ್ರಮಾಣ ಇನ್ನೂ ಜಾಸ್ತಿ ಇದ್ದು ವರ್ಷಗಟ್ಟಲೆ ಕುಡಿದ್ರೆ ಮೂಳೆ, ಕೀಲು ಬಿಗಿದುಕೊಳ್ಳುತ್ತೆ.

ಯುವಿ ಬೆಳಕು ಫ್ಲೋರೈಡ್‌ಗೆ ಏನೂ ಮಾಡಲ್ಲ. ಯುಎಫ್ ಹಿಡಿಯಲ್ಲ. ಕ್ಯಾಂಡಲ್ ಇರೋ ಸ್ಟೀಲ್ ಫಿಲ್ಟರ್ ಹಿಡಿಯಲ್ಲ. ತಾಮ್ರದ ತಂಬಿಗೆಯಲ್ಲಿ ರಾತ್ರಿ ಇಟ್ಟರೂ ಇಲ್ಲ. ಕುದಿಸೋದು? ಕುದಿಸಿದ್ರೆ ರೋಗಾಣು ಸಾಯುತ್ತೆ, ಅದು ನಿಜ. ಆದರೆ ನೀರು ಆವಿಯಾಗಿ ಕಮ್ಮಿ ಆದಷ್ಟೂ ಉಳಿದ ನೀರಲ್ಲಿ ಫ್ಲೋರೈಡ್ ಗಟ್ಟಿ ಆಗುತ್ತೆ. ನೈಟ್ರೇಟ್‌ಗೂ ಇದೇ ಮಾತು.

ನಾನು ಚಿಕ್ಕಮ್ಮನಿಗೆ ಹೇಳಿದ್ದು ಒಂದೇ, ಮಷೀನ್ ಈಗಲೇ ತರಬೇಡಿ, ನೀರು ಟೆಸ್ಟ್ ಮಾಡ್ಸಿ. ವರದಿಯಲ್ಲಿ ಟಿಡಿಎಸ್ 640 ಇತ್ತು. ನೋಡಿದ್ರೆ ದೊಡ್ಡ ವಿಷಯ ಅನ್ಸಲ್ಲ. ಫ್ಲೋರೈಡ್ 2.3. ಚಿಕ್ಕಪ್ಪ ವರದಿ ಹಿಡ್ಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಏಳು ವರ್ಷದ ಹುಡುಗಿಯನ್ನ ಕರೆದು "ಬಾಯಿ ತೆಗಿಯಮ್ಮಾ" ಅಂದ್ರು. ಹೊಸದಾಗಿ ಬಂದಿದ್ದ ಮುಂದಿನ ಎರಡು ಹಲ್ಲಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ ಇತ್ತು. ಚಿಕ್ಕದಿದೆ, ಗಮನಿಸದಿದ್ರೆ ಕಾಣಲ್ಲ. ಕಲೆ ಇದರಿಂದಲೇ ಅಂತ ದಂತವೈದ್ಯರು ಹೇಳಬೇಕು, ತೋರಿಸೋಕೆ ಕರ್ಕೊಂಡು ಹೋದ್ರು.

ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ನಾಣ್ಯ ಹಾಕಿದ್ರೆ ಕ್ಯಾನ್ ತುಂಬುತ್ತೆ. ಅದರೊಳಗಿರೋದೂ ದೊಡ್ಡ ಆರ್‌ಒನೇ. ಸರಿಯಾಗಿ ನಡೆದ್ರೆ ಮನೆಮನೆಗೆ ಮಷೀನ್ ಹಾಕೋದಕ್ಕಿಂತ ಅದೇ ಅಗ್ಗ, ಅದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಆದರೆ ಅದು ಕೆಟ್ಟು ಮೂರು ತಿಂಗಳಾಗಿದೆ, ಮೆಂಬ್ರೇನ್ ಬರಬೇಕು ಅಂತಿದಾರೆ. ಮಗುವಿನ ಹಲ್ಲು ಟೆಂಡರ್‌ಗೆ ಕಾಯಲ್ಲ. ಹಾಗಾಗಿ ಆ ಮನೆಗೆ ಆರ್‌ಒನೇ ಹಾಕ್ಸಿದ್ವಿ. ಫ್ಲೋರೈಡ್ ಹೀರೋ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಅಂತ ಇನ್ನೊಂದು ದಾರಿ ಇದೆ, ನೀರೂ ಚೆಲ್ಲಲ್ಲ. ಆದರೆ ಅದನ್ನ ಕಾಲಕಾಲಕ್ಕೆ ರಾಸಾಯನಿಕ ಹಾಕಿ ಪುನಶ್ಚೇತನ ಮಾಡಬೇಕು, ಆ ಊರಿಗೆ ಬಂದು ಮಾಡಿಕೊಡೋರು ನಮಗೆ ಸಿಗಲಿಲ್ಲ.

ಇಲ್ಲಿ ಒಂದು ವಿಷಯ ದಯವಿಟ್ಟು ಗಮನ ಕೊಟ್ಟು ಕೇಳಿ. ಈಗಿನ ಆರ್‌ಒ ಮಷೀನ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರುತ್ತೆ. "ಮಿನರಲ್ಸ್ ಉಳಿಸುತ್ತೆ" ಅಂತ ಅದನ್ನ ದೊಡ್ಡದಾಗಿ ಹೇಳಿ ಮಾರ್ತಾರೆ. ಅದು ಮಾಡೋದೇನು? ಮೆಂಬ್ರೇನ್ ದಾಟದ ನೀರನ್ನ ಸ್ವಲ್ಪ ಪಕ್ಕದ ದಾರಿಯಿಂದ ತಂದು ಶುದ್ಧ ನೀರಿಗೆ ಬೆರೆಸುತ್ತೆ. ಆ ಪಕ್ಕದ ನೀರು ಹೆಚ್ಚೆಂದರೆ ಯುವಿ, ಯುಎಫ್ ದಾಟಿರುತ್ತೆ. ಫ್ಲೋರೈಡ್ ಇರೋ ಮನೆಯಲ್ಲಿ ಈ ತಿರುಪು ತೆರೆದಿಟ್ಟರೆ ಮುಂಬಾಗಿಲಿಂದ ಓಡಿಸಿದ ಕಳ್ಳನನ್ನ ಹಿತ್ತಿಲ ಬಾಗಿಲಿಂದ ಕರೆದ ಹಾಗೆ. ಚಿಕ್ಕಮ್ಮನ ಮನೆಗೆ ಮಷೀನ್ ಕೂರಿಸೋಕೆ ಬಂದ ಹುಡುಗ ಅಭ್ಯಾಸದಂತೆ ಅದನ್ನ ಅರ್ಧ ತೆರೆದ. ಯಾಕೆ ಅಂದ್ರೆ "ರುಚಿ ಚೆನ್ನಾಗಿರುತ್ತೆ ಮೇಡಂ" ಅಂದ. ಅವನ ಕೈಯಲ್ಲೇ ಪೂರ್ತಿ ಮುಚ್ಚಿಸಿದ್ವಿ. ಹತ್ತು ದಿನ ಆದ ಮೇಲೆ ಫಿಲ್ಟರ್ ನೀರನ್ನ ಮತ್ತೆ ಲ್ಯಾಬಿಗೆ ಕಳಿಸಿದ್ವಿ, ಫ್ಲೋರೈಡ್ 0.2 ಬಂತು. ಮಷೀನ್ ಹಾಕಿದ ಮೇಲೆ ಈ ಎರಡನೇ ಟೆಸ್ಟು ಯಾರೂ ಮಾಡಲ್ಲ. ಮಾಡ್ಸಿ.

ಆ ಮನೆಯಲ್ಲಿ ಅಡುಗೆಗೂ ಫಿಲ್ಟರ್ ನೀರೇ ಬೇಕು. ಅನ್ನ, ಸಾರು, ಮುದ್ದೆ ಎಲ್ಲ ನೀರನ್ನ ಹೀರಿಕೊಳ್ಳುತ್ತೆ, ಜೊತೆಗೆ ಫ್ಲೋರೈಡ್ ಕೂಡ. ಚೆಲ್ಲೋ ನೀರನ್ನ ಹಸುಗೆ ಇಡ್ತೀನಿ ಅಂದ್ರು ಚಿಕ್ಕಮ್ಮ. ಬೇಡ ಅಂದೆ. ಅದರಲ್ಲಿ ಫ್ಲೋರೈಡ್ ಮೊದಲಿಗಿಂತ ಗಟ್ಟಿ ಇರುತ್ತೆ, ದನಗಳ ಹಲ್ಲು, ಮೂಳೆಗೂ ಅದೇ ತೊಂದರೆ ಬರುತ್ತೆ. ಪಾತ್ರೆ ಮೊದಲ ತೊಳೆಗೆ, ನೆಲ ಒರೆಸೋಕೆ, ಕಕ್ಕಸಿಗೆ ಬಳಸಿ. ವಿಡಿಯೋದ ಮೂಳೆ ಸವೆಯೋ ಮಾತಿಗೆ ಬಂದ್ರೆ, ಆರ್‌ಒ ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆಯೋದು ನಿಜ. ಅವು ನಮಗೆ ಹೆಚ್ಚಾಗಿ ಬರೋದು ಊಟದಿಂದ. ರಾಗಿ, ಹಾಲು, ಸೊಪ್ಪು ತಿನ್ನೋ ಮನೆ ಅದು. 2.3 ಫ್ಲೋರೈಡ್ ಎದುರಿಗಿದ್ದಾಗ ಆ ಭಯಕ್ಕೆ ಸೋತು ಯುವಿ ತರೋದು ನನ್ನ ದೃಷ್ಟಿಯಲ್ಲಿ ಲೆಕ್ಕ ತಪ್ಪಿದ ವ್ಯಾಪಾರ.

ಸರಿ, ಟೆಸ್ಟ್ ಎಲ್ಲಿ ಮಾಡಿಸೋದು? ಹಳ್ಳಿಯವರಿಗೆ ಜಲಜೀವನ್ ಮಿಷನ್ ಅಡಿಯಲ್ಲಿ ಜಿಲ್ಲೆ, ತಾಲ್ಲೂಕು ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಗಳನ್ನ ಸಾರ್ವಜನಿಕರಿಗೂ ತೆರೆದಿದ್ದಾರೆ, ಕಮ್ಮಿ ಶುಲ್ಕ. ಪಂಚಾಯಿತಿಗಳಿಗೆ ಫೀಲ್ಡ್ ಟೆಸ್ಟ್ ಕಿಟ್ ಕೊಟ್ಟು ಊರಿನ ಹೆಂಗಸರಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ, ಫ್ಲೋರೈಡ್ ಇದೆಯಾ ಅಂತ ಮೊದಲ ಸುಳಿವಿಗೆ ಅದು ಸಾಕು. ನಗರದಲ್ಲಿ ಎನ್‌ಎಬಿಎಲ್ ಮಾನ್ಯತೆ ಇರೋ ಖಾಸಗಿ ಲ್ಯಾಬ್‌ಗಳಿವೆ. ದೊಡ್ಡ ಪ್ಯಾಕೇಜ್ ಬೇಡ. ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕೋಲಿಫಾರ್ಮ್ ಮತ್ತು ಇ-ಕೋಲಿ, ಇಷ್ಟು ಕೇಳಿ. ರಾಯಚೂರು, ಯಾದಗಿರಿ ಕಡೆಯವರು ಆರ್ಸೆನಿಕ್ ಕೂಡ ಸೇರಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬ್‌ನವರೇ ಕೊಡೋ ಸ್ಟೆರೈಲ್ ಬಾಟಲಿ ಬೇಕು, ತಣ್ಣಗೆ ಇಟ್ಟು ಅವತ್ತೇ ತಲುಪಿಸಬೇಕು. ಹಳೇ ಬಿಸ್ಲೇರಿ ಬಾಟಲಿಯಲ್ಲಿ ಎರಡು ದಿನ ಬಿಟ್ಟು ತಗೊಂಡು ಹೋದ್ರೆ ವರದಿಗೆ ಅರ್ಥ ಇಲ್ಲ.

ಬೆಂಗಳೂರಿನವರಿಗೆ ಇನ್ನೊಂದು ತಲೆನೋವು. ಮಳೆಗಾಲದಲ್ಲಿ ಕಾವೇರಿ, ಏಪ್ರಿಲ್‌ನಲ್ಲಿ ಬೋರ್, ಮೇನಲ್ಲಿ ಟ್ಯಾಂಕರ್, ಎಲ್ಲ ಒಂದೇ ಸಂಪಿಗೆ. ಅಂಥ ಮನೆಯವರು ಬೇಸಿಗೆಯಲ್ಲಿ ಟೆಸ್ಟ್ ಮಾಡ್ಸಿ, ನಿಮ್ಮ ನೀರಿನ ಅತಿ ಕೆಟ್ಟ ತಿಂಗಳು ಯಾವುದೋ ಅದಕ್ಕೆ ಮಷೀನ್ ಆರಿಸಿ. ನಗರದ ಬೋರ್‌ಗಳಿಗೆ ಒಳಚರಂಡಿ ಸೋರಿ ನೈಟ್ರೇಟ್ ಸೇರೋದು ಸಾಮಾನ್ಯ. ಅದು 45 ಮಿಲಿಗ್ರಾಂ ದಾಟಿದ್ರೆ ಮಾನದಂಡದಲ್ಲಿ ರಿಯಾಯಿತಿಯೇ ಇಲ್ಲ. ಆರು ತಿಂಗಳೊಳಗಿನ ಕೂಸಿಗೆ ಆ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಡೋದು ನಿಜಕ್ಕೂ ಅಪಾಯ. ಅಂಥ ಮನೆಗೆ ಆರ್‌ಒ ಬೇಕೇ ಬೇಕು.

ಕೊನೇದಾಗಿ ಮೆಸೇಜ್‌ನಲ್ಲಿ ಬಂದ ಎರಡು ಪ್ರಶ್ನೆ. ಒಬ್ಬರು ಕೇಳಿದ್ದಾರೆ, "ಬಕೆಟ್, ಗೀಸರ್ ಎಲ್ಲ ಬಿಳಿ ಕಟ್ಟುತ್ತೆ, ಸಾಫ್ಟನರ್ ಹಾಕಿಸಿದ್ರೆ ಕುಡಿಯೋಕೂ ಆಗುತ್ತಾ?" ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತೆ. ಗೀಸರಿಗೆ ಒಳ್ಳೇದು, ರೋಗಾಣುವಿಗೂ ಫ್ಲೋರೈಡ್‌ಗೂ ಅದರಿಂದ ಏನೂ ಆಗಲ್ಲ. ಇನ್ನೊಬ್ಬರು ಪಿಜಿಯಲ್ಲಿರೋ ಹುಡುಗ, "ನನಗೆ ಮಷೀನ್ ಹಾಕೋ ಹಾಗಿಲ್ಲ, ಕಾವೇರಿ ನೀರು, ಏನು ಮಾಡಲಿ?" ಅಂತ. ಬಟ್ಟೆಯಲ್ಲಿ ಸೋಸಿ, ಉಕ್ಕಿ ಕುದಿಯೋಕೆ ಶುರುವಾದ ಮೇಲೆ ಒಂದು ನಿಮಿಷ ಬಿಡು, ಮುಚ್ಚಿಟ್ಟು ಆರಿಸಿ ಕುಡಿ. ಅಷ್ಟೇ ಸಾಕಪ್ಪಾ.

ನಮ್ಮ ಮನೆಗೆ ಯುವಿ-ಯುಎಫ್ ಬಂದು ಮೂರು ವಾರ ಆಯ್ತು. ಗೋಡೆಗೆ ಡ್ರಿಲ್ ಹೊಡೀಬಾರದು ಅಂತ ಓನರ್ ಆಂಟಿ ಹೇಳಿದ್ರಿಂದ ಕಟ್ಟೆ ಮೇಲೇ ಕೂತಿದೆ. ಉಳಿದ ದುಡ್ಡಲ್ಲಿ ಸ್ವಲ್ಪ ಹಾಕಿ, ಬಿಲ್ಡಿಂಗಿನ ನಾಲ್ಕೂ ಮನೆಯವರು ಸೇರಿ ಈ ಭಾನುವಾರ ಸಂಪು ತೊಳೆಸ್ತಿದ್ದೀವಿ. ನಿಮ್ಮ ನೀರಿನ ವರದಿ ಬಂದ್ರೆ, ಹೆಸರು, ವಿಳಾಸ ಮುಚ್ಚಿ ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ನಾಲ್ಕೈದು ವರದಿ ಇಟ್ಕೊಂಡು ಒಟ್ಟಿಗೆ ಓದೋಣ.